ನರ್ಸ್‌ಗಳ ಓದಿಗೆ ದುಡ್ಡು ಕೊಟ್ಟರೆ ಅಜ್ಜಿಗೇನು ಲಾಭ?

ಪ್ರಶ್ನೆ: ಅಮೆರಿಕದಲ್ಲಿ ವಯಸ್ಸಾದವರಿಗೆಂದು ತೆಗೆದಿಟ್ಟ ದಾನದ ಹಣವನ್ನು ನರ್ಸ್‌ಗಳ ಪಿಎಚ್‌ಡಿಗೆ ಕೊಟ್ಟಿದ್ದರಂತೆ. ಅದರಲ್ಲಿ ನಾಲ್ಕು ವೃದ್ಧಾಶ್ರಮ ಕಟ್ಟಬಹುದಿತ್ತಲ್ವಾ?

ಉತ್ತರ: ಕಟ್ಟಬಹುದಿತ್ತು. ಆದರೆ ಅಲ್ಲಿ ಕೆಲಸ ಮಾಡುವ ನರ್ಸ್‌ಗೆ ಪಾಠ ಹೇಳುವವರು ಬೇಕಲ್ಲ!

ಮುಪ್ಪಿನಲ್ಲಿ ಕಾಯಿಲೆ ವೇಷ ಮರೆಸಿಕೊಂಡು ಬರುತ್ತದೆ. ಎಂಬತ್ತು ದಾಟಿದ ಅಜ್ಜಿಗೆ ನ್ಯುಮೋನಿಯಾ ಆದರೂ ಕೆಲವೊಮ್ಮೆ ಜ್ವರ ಇರುವುದಿಲ್ಲ, ಕೆಮ್ಮೂ ಇರುವುದಿಲ್ಲ. ನಿನ್ನೆ ಸರಿಯಾಗಿದ್ದವರು ಇವತ್ತು ಏನೇನೋ ಮಾತಾಡುತ್ತಾರೆ, ಮಗನ ಗುರುತೂ ಹಿಡಿಯುವುದಿಲ್ಲ. 'ಅರಳುಮರಳು ಬಿಡಿ' ಅಂದುಬಿಟ್ಟರೆ ಕೆಲಸ ಕೆಟ್ಟಿತು. ಡಾಕ್ಟರ್ ರೌಂಡ್ಸ್‌ಗೆ ಬಂದು ಹೋಗುತ್ತಾರೆ. ಇಡೀ ದಿನ ನೋಡುವವರು ನರ್ಸ್. ಅವರಿಗೆ ಇದು ಗೊತ್ತಿರಬೇಕು.

ಇದನ್ನು ಹಿಡಿದು ಹೊರಟಿದ್ದು ನ್ಯೂಯಾರ್ಕಿನ ಜಾನ್ ಎ. ಹಾರ್ಟ್‌ಫರ್ಡ್ ಫೌಂಡೇಶನ್ ಎಂಬ ದಾನ ಸಂಸ್ಥೆ. 1929ರಲ್ಲಿ ಶುರುವಾಗಿದ್ದು. ಹಣ ಬಂದಿದ್ದು 'ಎ ಆಂಡ್ ಪಿ' ಎಂಬ ದಿನಸಿ ಅಂಗಡಿಗಳ ವ್ಯಾಪಾರದಿಂದ. 1996ರಲ್ಲಿ ಅದು ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ವೃದ್ಧರ ನರ್ಸಿಂಗ್‌ಗೆಂದೇ ಒಂದು ಸಂಸ್ಥೆಗೆ ನೆರವಾಯಿತು. 2000ದಲ್ಲಿ ಅಮೆರಿಕದ ಐದು ನರ್ಸಿಂಗ್ ಕಾಲೇಜುಗಳಲ್ಲಿ ಕೇಂದ್ರಗಳನ್ನು ತೆರೆಸಿ, ಪಿಎಚ್‌ಡಿ ಮಾಡುವ ನರ್ಸ್‌ಗಳಿಗೆ ಸ್ಕಾಲರ್‌ಶಿಪ್ ಕೊಡತೊಡಗಿತು. ಲೆಕ್ಕ ಸರಳ. ಒಬ್ಬ ನರ್ಸ್ ಒಂದು ವಾರ್ಡ್ ನೋಡಿಕೊಳ್ಳಬಹುದು. ಪಿಎಚ್‌ಡಿ ಮುಗಿಸಿ ಪಾಠ ಹೇಳುವ ಒಬ್ಬರು ವರ್ಷವರ್ಷವೂ ಒಂದು ತರಗತಿಯನ್ನೇ ತಯಾರು ಮಾಡುತ್ತಾರೆ.

ಅಲ್ಲಿ ಕಲಿಸುವುದೇನು ಅಂತೀರಾ? ಟೆರಿ ಫುಲ್ಮರ್ ಎಂಬ ನರ್ಸ್ ಮಾಡಿದ ಒಂದು ಪಟ್ಟಿ ನೋಡಿ. ಆರೇ ಆರು ವಿಷಯ: ನಿದ್ದೆ ಬರುತ್ತಿದೆಯಾ, ಊಟ ಸೇರುತ್ತಿದೆಯಾ, ಮಲಮೂತ್ರದ ಮೇಲೆ ಹಿಡಿತ ಇದೆಯಾ, ಗೊಂದಲ ಇದೆಯಾ, ಬಿದ್ದಿದ್ದಾರಾ, ಹಾಸಿಗೆ ಹುಣ್ಣಾಗಿದೆಯಾ. ಇಂಗ್ಲಿಷ್‌ನಲ್ಲಿ ಮೊದಲಕ್ಷರ ಜೋಡಿಸಿದರೆ 'ಸ್ಪೈಸಸ್', ಅಂದರೆ ಮಸಾಲೆ ಸಾಮಾನು! ಮರೆಯೋದು ಕಷ್ಟ. ಇದಕ್ಕೆ ಯಾವ ಯಂತ್ರವೂ ಬೇಡ. ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜನ ವಿಷಯದಲ್ಲೂ ಇವನ್ನೇ ಗಮನಿಸಬಹುದು.

ಇದೇ ಫುಲ್ಮರ್ 2015ರಲ್ಲಿ ಆ ಫೌಂಡೇಶನ್ನಿನ ಅಧ್ಯಕ್ಷೆಯಾದರು. ಹಣದ ಚೀಲ ನರ್ಸ್ ಕೈಗೇ ಬಂತು, ನನಗಂತೂ ಖುಷಿ.

ಹಾಗಂತ ದಾನಿ ಕೊನೆತನಕ ಫೀಸು ಕಟ್ಟುತ್ತಾ ಕೂರುವುದಿಲ್ಲ. 2010ರ ದಶಕದಲ್ಲಿ ಹಾರ್ಟ್‌ಫರ್ಡ್ ಕಾಲೇಜುಗಳಿಂದ ಆಸ್ಪತ್ರೆಗಳ ಕಡೆಗೆ ಗಮನ ತಿರುಗಿಸಿತು. ಅಲ್ಲಿ ಅದು ಬೆಂಬಲಿಸಿದ ಪದ್ಧತಿಯಲ್ಲಿ ಔಷಧಿ, ಮನಸ್ಸು, ಓಡಾಟ ಎಲ್ಲಕ್ಕೂ ಮೊದಲು ವಯಸ್ಸಾದವರನ್ನೇ ಕೇಳಬೇಕು: 'ನಿಮಗೆ ಮುಖ್ಯವಾದದ್ದು ಯಾವುದು?'