ಗಾಳದ ಸೀಸಕ್ಕೆ ಪೌಡರ್ ಕೋಟಿಂಗ್: ಮನೆಯ ಓವನ್‌ನಲ್ಲಿ ಬೇಯಿಸಬಹುದಾ?

ಸಕಲೇಶಪುರದ ಕಡೆಯಿಂದ ಒಬ್ಬರು ಕೇಳಿದ್ದಾರೆ: "ಗಾಳಕ್ಕೆ ಕಟ್ಟೋ ಸೀಸದ ಗುಂಡನ್ನ ಮನೇಲೇ ಎರಕ ಹೊಯ್ಕೋತೀನಿ. ಮುಟ್ಟಿದಾಗೆಲ್ಲ ಕೈ ಕಪ್ಪಾಗುತ್ತೆ. ಗೇಟು, ಕಿಟಕಿಗೆ ಹೊಡೀತಾರಲ್ಲ ಆ ಪೌಡರ್ ಕೋಟಿಂಗ್ ಇದಕ್ಕೆ ಮಾಡಬಹುದಾ? ಮನೇಲಿ ಕೇಕ್ ಮಾಡೋ ಓವನ್ ಇದೆ, ಅದ್ರಲ್ಲೇ ಬೇಯಿಸಿದ್ರೆ ಸೀಸ ಕರಗಿ ಹೋಗುತ್ತಾ?"

ಇದೇ ಪ್ರಶ್ನೆಯನ್ನು ಗೊರೂರು ಹಿನ್ನೀರಿನ ದಡದಲ್ಲಿ ಕೂತವರೂ ಕೇಳಿದ್ದಾರೆ, ಯಗಚಿ ಹತ್ತಿರ ಸಿಕ್ಕವರೂ ಕೇಳಿದ್ದಾರೆ. ಮೊದಲು ನೇರ ಉತ್ತರ. ಪೌಡರ್ ಕೋಟಿಂಗ್, ಅಂದರೆ ಒಣ ಬಣ್ಣದ ಪುಡಿ ಮೆತ್ತಿ ಬಿಸಿಯಲ್ಲಿ ಕರಗಿಸಿ ಗಟ್ಟಿ ಮಾಡುವುದು, ಮಾಡಬಹುದು, ಚೆನ್ನಾಗಿಯೇ ಕೂರುತ್ತದೆ. ಸೀಸ ಕರಗುವುದಿಲ್ಲ. ಆದರೆ ಕೇಕ್ ಮಾಡುವ ಓವನ್ ಮುಟ್ಟಬೇಡಿ, ಒಂದೇ ಒಂದು ಸಲಕ್ಕೂ ಬೇಡ.

ಅಂದಹಾಗೆ, ನಮ್ಮ ಕಡೆ ಗುಂಡು ಅಂದ ತಕ್ಷಣ ಕೋವಿ ನೆನಪಾಗುತ್ತದೆ. ಹೊರದೇಶಗಳಲ್ಲಿ ಕೋವಿ ಗುಂಡಿಗೂ ಹೀಗೇ ಬಣ್ಣ ಬೇಯಿಸುತ್ತಾರೆ, ನಳಿಕೆಯೊಳಗೆ ಸೀಸ ಮೆತ್ತಿಕೊಳ್ಳದಿರಲಿ ಅಂತ. ಇಲ್ಲಿ ಮಾತ್ರ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವ ಹಾಗಿಲ್ಲ. ಆದ್ದರಿಂದ ಇದು ಪೂರ್ತಿ ಮೀನಿನ ಮಾತು.

ಈಗ ಲೆಕ್ಕ ನೋಡಿ. ಶುದ್ಧ ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ. ಪೌಡರ್ ಬೇಯುವುದು ಸಾಮಾನ್ಯವಾಗಿ 180ರಿಂದ 200 ಡಿಗ್ರಿಯಲ್ಲಿ, ಹತ್ತರಿಂದ ಇಪ್ಪತ್ತು ನಿಮಿಷ. ನಡುವೆ ನೂರು ಡಿಗ್ರಿಗಿಂತ ಜಾಸ್ತಿ ಅಂತರ ಇದೆ, ಹಾಗಾಗಿ ಗುಂಡು ಗುಂಡಾಗಿಯೇ ಇರುತ್ತದೆ. ಒಂದೇ ಎಚ್ಚರಿಕೆ. ರೇಡಿಯೋ ರಿಪೇರಿಯವರ ಹತ್ತಿರ ಸಿಕ್ಕ ಸೋಲ್ಡರ್ ತಂತಿಯನ್ನೂ ಬಾಣಲೆಗೆ ಹಾಕಿದ್ದೀರಾ? ಅದರಲ್ಲಿ ತವರ ಇರುತ್ತದೆ. ತವರ ಜಾಸ್ತಿ ಬೆರೆತ ಸೀಸ 183 ಡಿಗ್ರಿಗೇ ಮೆತ್ತಗಾಗಲು ಶುರುವಾಗುತ್ತದೆ, ಓವನ್ ಬಾಗಿಲು ತೆಗೆದಾಗ ಟ್ರೇ ಮೇಲೆ ಬೆಳ್ಳಿ ಬಣ್ಣದ ದೋಸೆ ಕಾಣಿಸುತ್ತದೆ.

200 ಡಿಗ್ರಿಯಲ್ಲಿ ಸೀಸ ಹೊಗೆಯಾಡುವುದಿಲ್ಲ, ಹಾಗಾದರೆ ಕೇಕ್ ಓವನ್ ಯಾಕೆ ಬೇಡ ಅಂತ ಕೇಳಬಹುದು. ತೊಂದರೆ ಆವಿಯದಲ್ಲ, ಧೂಳಿನದು. ಕೈ ಕಪ್ಪು ಮಾಡುವ ಅದೇ ಬೂದುಬಣ್ಣದ ಪುಡಿ ಟ್ರೇ ಮೇಲೆ, ಮೂಲೆಯಲ್ಲಿ, ಕಂಬಿಗಳ ಸಂದಿಯಲ್ಲಿ ಕೂರುತ್ತದೆ, ಜೊತೆಗೆ ಬೇಯುವಾಗ ಪೌಡರ್ ಬಿಡುವ ಹೊಗೆಯ ಅಂಟು ಗೋಡೆಗೆ ಹತ್ತುತ್ತದೆ, ಮುಂದಿನ ವಾರ ಅಲ್ಲೇ ಮಕ್ಕಳ ಬಿಸ್ಕತ್ತು ಬೇಯುತ್ತದೆ. ಸೀಸಕ್ಕೆ ಇಷ್ಟರವರೆಗೆ ಅಪಾಯ ಇಲ್ಲ ಅನ್ನುವ ಮಟ್ಟವೇ ಗೊತ್ತಾಗಿಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಟ್ಟೆಗೆ ಹೋದ ಅಷ್ಟೇ ಸೀಸವನ್ನು ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ. ನಮ್ಮಲ್ಲಿ ಮನೆ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದು ಅಂತ 2017ರಿಂದ ನಿಯಮ ಇದೆ. ನಿಮ್ಮ ಟ್ರೇ ಮೇಲಿರುವುದು ಹೆಚ್ಚುಕಡಿಮೆ ಬರೀ ಸೀಸ. ಗುಜರಿಯಲ್ಲೋ ಪರಿಚಯದವರ ಅಟ್ಟದಲ್ಲೋ ಹಳೇ ಓವನ್ ಸಿಗುತ್ತದೆ, ಅದನ್ನು ಶೆಡ್‌ಗೆ ಹಾಕಿ, ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಇಲ್ಲದಿದ್ದರೆ ಹಬ್ಬದ ದಿನ ಯಾರಾದರೂ "ಓವನ್ ಸುಮ್ನೆ ಬಿದ್ದಿದೆ" ಅಂತ ಒಳಗೆ ತರುತ್ತಾರೆ.

ಇನ್ನು ಪುಡಿ ಹತ್ತಿಸುವ ವಿಷಯ. ಮಲೆನಾಡಿನವರು ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ.

ಅಂಗಡಿಯಲ್ಲಿ ಪುಡಿಗೆ ವಿದ್ಯುತ್ ಚಾರ್ಜ್ ಕೊಟ್ಟು ಗನ್‌ನಲ್ಲಿ ಊದುತ್ತಾರೆ, ಭೂಮಿಗೆ ಅರ್ತ್ ಮಾಡಿದ ಕಬ್ಬಿಣಕ್ಕೆ ಅದು ತಾನಾಗೇ ಅಂಟುತ್ತದೆ. ಮನೆಯಲ್ಲಿ ಗನ್ ಇಲ್ಲದವರು ಡಬ್ಬಿ ವಿದ್ಯೆ ಮಾಡುತ್ತಾರೆ. ತಳದಲ್ಲಿ ತ್ರಿಕೋನದೊಳಗೆ 5 ಅಂತ ಬರೆದ ಪ್ಲಾಸ್ಟಿಕ್ ಡಬ್ಬಿ, ಒಂದು ಹಿಡಿ ಪ್ಲಾಸ್ಟಿಕ್ ಗೋಲಿ, ಎರಡು ಚಮಚ ಪುಡಿ, ಅದಕ್ಕೆ ಸೀಸದ ಗುಂಡು ಹಾಕಿ ಒಂದೆರಡು ನಿಮಿಷ ಕುಲುಕುವುದು. ಉಜ್ಜಾಟಕ್ಕೆ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ, ಚಳಿಗಾಲದಲ್ಲಿ ಸ್ವೆಟರ್ ಬಿಚ್ಚುವಾಗ ಚಟಪಟ ಅನ್ನುತ್ತಲ್ಲ, ಅದೇ. ಪುಡಿ ಗುಂಡಿಗೆ ಮೆತ್ತಿಕೊಳ್ಳುತ್ತದೆ.

ನಾನು ಇದನ್ನು ಮೊದಲ ಸಲ ಮಾಡಿದ್ದು ಜುಲೈನಲ್ಲಿ. ಹೊರಗೆ ಎಂಟು ದಿನದಿಂದ ಬಿಡದೆ ಮಳೆ, ಚಪ್ಪಲಿಗೆ ಬೂಷ್ಟು, ಉಪ್ಪಿನ ಡಬ್ಬಿಯಲ್ಲಿ ನೀರು. ಹತ್ತು ನಿಮಿಷ ಕುಲುಕಿದೆ, ತೋಳು ಸೋತಿತು, ತೆಗೆದು ನೋಡಿದರೆ ಗುಂಡುಗಳು ರಾಗಿ ಹಿಟ್ಟು ಉದುರಿಸಿದ ಮುದ್ದೆಯ ಹಾಗೆ ಅಲ್ಲಲ್ಲಿ ಮಚ್ಚೆ. ಪೌಡರ್ ಕೆಟ್ಟಿದೆ ಅಂತ ಅಂಗಡಿಯವರನ್ನು ಮನಸ್ಸಿನಲ್ಲೇ ಬೈದೆ. ತಪ್ಪು ಅವರದಲ್ಲ. ಗಾಳಿಯಲ್ಲಿ ತೇವ ಇದ್ದರೆ ಪ್ಲಾಸ್ಟಿಕ್ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂರುತ್ತದೆ, ಹುಟ್ಟಿದ ಚಾರ್ಜ್ ಅದರ ಮೂಲಕವೇ ಸೋರಿ ಹೋಗುತ್ತದೆ. ಅದೇ ಡಬ್ಬಿ, ಅದೇ ಪುಡಿ, ಫೆಬ್ರವರಿಯ ಒಣ ಮಧ್ಯಾಹ್ನದಲ್ಲಿ ಒಂದೇ ನಿಮಿಷಕ್ಕೆ ಒಪ್ಪವಾಗಿ ಕೂತಿತು. ಕಡೂರಿನ ಬಯಲಲ್ಲಿರುವವರಿಗೆ ಈ ಗೋಳು ಕಡಿಮೆ ಇರಬಹುದು. ಮೂಡಿಗೆರೆ, ಸಕಲೇಶಪುರದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿ ಮೂಲೆಗಿಡುವುದೇ ಮೇಲು.

ಮಳೆಗಾಲಕ್ಕೆ ಬೇರೆ ದಾರಿ ಇದೆ. ನನಗೆ ಕೇಳಿದರೆ ಗಾಳದ ಗುಂಡಿಗೆ ವರ್ಷಪೂರ್ತಿ ಅದೇ ಸರಿ. ಬಿಸಿ ಗುಂಡನ್ನು ಪುಡಿಯಲ್ಲಿ ಅದ್ದುವುದು. ಗುಂಡಿನ ಕಿವಿಗೆ ತಂತಿ ಸಿಕ್ಕಿಸಿ, ಇಕ್ಕಳದಲ್ಲಿ ಹಿಡಿದು, ಹೀಟ್ ಗನ್‌ನಿಂದ ಸುತ್ತ ಬಿಸಿ ಮಾಡಿ, ಅಗಲ ಡಬ್ಬಿಯಲ್ಲಿ ಸಡಿಲ ಮಾಡಿಟ್ಟ ಪುಡಿಯೊಳಗೆ ಒಂದು ಸಲ ಸರ್ರನೆ ಎಳೆದು ತೆಗೆಯಿರಿ. ಬಿಸಿ ಸರಿಯಾಗಿದ್ದರೆ ಪುಡಿ ಹತ್ತಿದ ಕೂಡಲೇ ಕರಗಿ ಮಿರುಗುತ್ತದೆ. ಮಿರುಗದೆ ಮಂಕಾಗಿ ಒರಟಾಗಿ ನಿಂತರೆ ಬಿಸಿ ಸಾಲದು, ಮತ್ತೆ ಸ್ವಲ್ಪ ಗಾಳಿ ಕೊಡಿ. ಜಾಸ್ತಿ ಬಿಸಿಯಾದರೆ ದಪ್ಪಗೆ ಹತ್ತಿ, ಓವನ್‌ನಲ್ಲಿ ಕೆಳಗಡೆ ಹನಿಗಟ್ಟುತ್ತದೆ. ಕಿವಿ ಮುಚ್ಚಿಹೋಗಿದ್ದರೆ ಬಿಸಿ ಇರುವಾಗಲೇ ಸೂಜಿ ಹಾಕಿ ಬಿಡಿಸಿಕೊಳ್ಳಿ, ಬೆಂದ ಮೇಲೆ ಬಿಡಿಸುವುದು ಕಷ್ಟ. ಎರಡು ವಿಧಾನಕ್ಕೂ ಮಾಸ್ಕ್ ಬೇಕು. ಪುಡಿ ಬಹಳ ನುಣುಪು, ನೇರ ಎದೆಗೆ ಹೋಗುತ್ತದೆ. ಗಾಳಿಯಲ್ಲಿ ಎದ್ದ ಪುಡಿಗೆ ಬೆಂಕಿ ತಗುಲಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ, ಒಲೆ ಮುಂದೆ ಈ ಕೆಲಸ ಬೇಡ.

ಆಮೇಲೆ ತಂತಿಗಳನ್ನು ಓವನ್ ಕಂಬಿಗೆ ಒಂದಕ್ಕೊಂದು ತಾಗದ ಹಾಗೆ ನೇತುಹಾಕಿ ಬೇಯಿಸಬೇಕು. ನೋಡಲು ಮೊದಲೇ ಮಿರುಗುತ್ತಿರುತ್ತದೆ, ಅದಕ್ಕೆ ಮೋಸ ಹೋಗಬೇಡಿ. ಕರಗುವುದು ಬೇರೆ, ಬೇಯುವುದು ಬೇರೆ. ನಿಮಿಷ ಎಣಿಸಲು ಶುರು ಮಾಡಬೇಕಾದ್ದು ಓವನ್ ಬಿಸಿಯಾದಾಗ ಅಲ್ಲ, ಒಳಗಿನ ಗುಂಡು ಆ ಬಿಸಿಗೆ ಬಂದಾಗ. ದಪ್ಪ ಗುಂಡಿಗೆ ಅದಕ್ಕೇ ಒಂದಿಷ್ಟು ಹೊತ್ತು ಹಿಡಿಯುತ್ತದೆ. ಹಳೇ ಓವನ್ನಿನ ತಿರುಗುಗುಬ್ಬಿ ಹೇಳುವ ಡಿಗ್ರಿಯನ್ನೂ ನಂಬಬೇಡಿ, ಒಳಗೆ ಒಂದು ಥರ್ಮಾಮೀಟರ್ ಇಡಿ. ಪೊಟ್ಟಣದ ಮೇಲೆ ಆ ಪುಡಿಗೆ ಎಷ್ಟು ಡಿಗ್ರಿ, ಎಷ್ಟು ನಿಮಿಷ ಅಂತ ಇರುತ್ತದೆ. ಬಿಡಿ ಪುಡಿ ತಂದರೆ ಅಂಗಡಿಯಲ್ಲೇ ಕೇಳಿಕೊಂಡು ಬನ್ನಿ.

ಬೆಂದಿದೆಯೋ ಇಲ್ಲವೋ ನೋಡಲು ಒಂದು ಗುಂಡನ್ನು ಬಲಿ ಕೊಡಿ. ತಣ್ಣಗಾದ ಮೇಲೆ ಥಿನ್ನರ್ ಬಟ್ಟೆಯಿಂದ ಒರೆಸಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಅರ್ಧ ಬೆಂದಿದೆ, ಉಳಿದವನ್ನು ಮತ್ತೆ ಒಳಗೆ ಹಾಕಿ. ನಂತರ ಕಲ್ಲ ಮೇಲಿಟ್ಟು ಸುತ್ತಿಗೆಯಿಂದ ಚಪ್ಪಟೆ ಮಾಡಿ. ಸೀಸ ರೊಟ್ಟಿಯಾದರೂ ಬಣ್ಣ ಚೂರು ಬಿಡದೆ ಜೊತೆಗೇ ಹಿಗ್ಗಿದ್ದರೆ ನೀವು ಗೆದ್ದಿರಿ. ಮೊಟ್ಟೆ ಚಿಪ್ಪಿನ ಹಾಗೆ ಉದುರಿದರೆ ಬೇಯಿಸಿದ್ದು ಸಾಲದು, ಅಥವಾ ಗುಂಡಿನ ಮೇಲೆ ಎಣ್ಣೆ ಜಿಡ್ಡು ಇತ್ತು ಅಂತ ಅರ್ಥ. ಎರಕ ಹೊಯ್ದ ದಿನವೇ, ಬರಿಗೈ ತಾಗಿಸದೆ ಬಣ್ಣ ಮಾಡಿದರೆ ಈ ಜಿಡ್ಡಿನ ರಗಳೆ ಇರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ಪ್ರಶ್ನೆಯಲ್ಲಿ ಇಲ್ಲದ್ದನ್ನೂ ಹೇಳಬೇಕು. ಕೋಟಿಂಗ್ ಮಾಡಿದ ಗುಂಡು ಕೈಗೆ ಹತ್ತುವುದಿಲ್ಲ ನಿಜ, ಆದರೆ ಸೀಸ ಮೈಗೆ ಸೇರುವುದು ಹೆಚ್ಚಾಗಿ ಅದಕ್ಕೆ ಮೊದಲೇ, ಕರಗಿಸುವಾಗ. ಸೀಸಕ್ಕೆ ಅಂತ ಟೈರ್ ಅಂಗಡಿಯಿಂದ ತರುವ ಚಕ್ರದ ಬ್ಯಾಲೆನ್ಸ್ ತೂಕಗಳಲ್ಲಿ ಈಗ ಕಬ್ಬಿಣ, ಸತು ಎಲ್ಲ ಬೆರೆತಿರುತ್ತವೆ, ಕರಗಿಸುವ ಮೊದಲೇ ಆರಿಸಿ ತೆಗೆಯಿರಿ. ಕಬ್ಬಿಣ ಮ್ಯಾಗ್ನೆಟ್‌ಗೆ ಸಿಗುತ್ತದೆ. ಸತುವನ್ನು ಸಿಮೆಂಟ್ ನೆಲಕ್ಕೆ ಹಾಕಿದರೆ ಟಿಣ್ ಅನ್ನುತ್ತದೆ, ಸೀಸ ದಬ್ ಅನ್ನುತ್ತದೆ, ಇಕ್ಕಳದಲ್ಲಿ ಅದುಮಿದರೆ ಹಲ್ಲಿನ ಗುರುತು ಬೀಳುತ್ತದೆ. ಹಳೇ ಬ್ಯಾಟರಿ ಒಡೆದು ಸೀಸ ತೆಗೆಯುವುದು ಮಾತ್ರ ಬೇಡವೇ ಬೇಡ. ಆಸಿಡ್ ಒಂದು ಕಡೆ, ಅದರ ಫಲಕದ ಕಿಟ್ಟಕ್ಕೆ ತೇವ ತಾಗಿದರೆ ಏಳುವ ವಿಷದ ಗಾಳಿ ಇನ್ನೊಂದು ಕಡೆ.

ತೇವ ಅಂದೆ. ಕರಗಿದ ಸೀಸಕ್ಕೆ ಒಂದು ಹನಿ ನೀರು ಒಳಹೊಕ್ಕರೆ ಅದು ಕ್ಷಣದಲ್ಲಿ ಸುಮಾರು 1,700 ಪಟ್ಟು ಹಿಗ್ಗಿ ಆವಿಯಾಗುತ್ತದೆ, ಬಾಣಲೆಯ ಸೀಸ ಮುಖಕ್ಕೆ ಸಿಡಿಯುತ್ತದೆ. ಹಂಚಿನ ಸೂರಿನಡಿ, ಅದೂ ಮಳೆಗಾಲದಲ್ಲಿ, ಈ ಕೆಲಸ ಮಾಡುವವರನ್ನು ನೋಡಿದರೆ ನನಗೆ ಮೈ ಜುಮ್ಮೆನ್ನುತ್ತದೆ. ಹೊಳೆಯಲ್ಲಿ ಸಿಕ್ಕ ಹಳೇ ಗುಂಡಿನ ಕಿವಿಯಲ್ಲೂ ನೀರು ಕೂತಿರುತ್ತದೆ, ತಣ್ಣಗಿನ ಬಾಣಲೆಗೇ ಹಾಕಿ, ಕರಗಿದ್ದರ ಮೇಲೆ ಹಾಕಬೇಡಿ. ಅಚ್ಚನ್ನೂ ಮೊದಲು ಬಿಸಿ ಮಾಡಿಕೊಳ್ಳಿ. ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಅದೇ ಬೆರಳಲ್ಲಿ ಸುಣ್ಣ ಹಚ್ಚುತ್ತಾ ಎರಕ ಹೊಯ್ಯುವವರಿದ್ದಾರೆ, ಅವರಿಗೆ ಯಾವ ಕೋಟಿಂಗೂ ಸಹಾಯ ಮಾಡುವುದಿಲ್ಲ. ಸೀಳಿರುವ ಸಣ್ಣ ಸೀಸವನ್ನು ದಾರಕ್ಕೆ ಹಲ್ಲಲ್ಲಿ ಕಚ್ಚಿ ಕೂರಿಸುವುದೂ ಅಷ್ಟೇ. ಅವಕ್ಕೆ ಬಣ್ಣ ಹಾಕಿದರೂ ಅದುಮಿದಲ್ಲಿ ಬಿರುಕು ಬಿಡಬಹುದು. ಇಕ್ಕಳ ಇಟ್ಟುಕೊಳ್ಳಿ.

ಕೆರೆ, ಹೊಳೆಯ ನೀರಿಗೂ ಈ ಕೋಟಿಂಗ್‌ನಿಂದ ದೊಡ್ಡ ಲಾಭ ಇಲ್ಲ. ಬ್ರಿಟನ್‌ನಲ್ಲಿ 1987ರಿಂದ ಒಂದು ಔನ್ಸ್‌ವರೆಗಿನ, ಅಂದರೆ ಸುಮಾರು 28 ಗ್ರಾಂವರೆಗಿನ ಬಹುತೇಕ ಸೀಸದ ಗಾಳದ ತೂಕಗಳಿಗೆ ನಿಷೇಧ ಇದೆ, ಹಂಸಗಳು ಅವನ್ನು ನುಂಗಿ ಸಾಯುತ್ತಿದ್ದವು ಅಂತ. ಹಕ್ಕಿಯ ಹೊಟ್ಟೆಯಲ್ಲಿ ಕಾಳು ಅರೆಯಲು ಕಲ್ಲಿರುತ್ತದೆ, ಆ ಬೀಸುವ ಕಲ್ಲಿನ ಮುಂದೆ ಕೂದಲೆಳೆಯಷ್ಟು ದಪ್ಪದ ಬಣ್ಣ ಎಷ್ಟು ದಿನ ನಿಂತೀತು? ನಮ್ಮ ಕೆರೆಗಳಲ್ಲೂ ಬಾತುಗಳಿವೆ. ಅದಕ್ಕೇ ನಾನು ಸಣ್ಣ ತೂಕಕ್ಕೆ ಕಬ್ಬಿಣದ ನಟ್ಟು ಕಟ್ಟುತ್ತೇನೆ. ಜಿಲೇಬಿ ಮೀನಿಗೆ ಅದು ಧಾರಾಳ ಸಾಕು, ಕಲ್ಲಿಗೆ ಸಿಕ್ಕಿ ಹರಿದು ಹೋದರೂ ಹೊಟ್ಟೆ ಉರಿಯಲ್ಲ. ಬಣ್ಣದ ಸೀಸ ಹಿನ್ನೀರಿನಲ್ಲಿ ದೂರ ಎಸೆಯುವ ದೊಡ್ಡ ಗುಂಡಿಗೆ ಮಾತ್ರ.

ಬಣ್ಣ ಕಿತ್ತುಹೋದ ಗುಂಡನ್ನು ಮತ್ತೆ ಕರಗಿಸಬಹುದಾ ಅಂತಲೂ ಕೇಳುತ್ತೀರಿ, ಗೊತ್ತು. ಕರಗಿಸಬಹುದು. ಬಣ್ಣ ಸುಟ್ಟು ಕರಿ ಕಿಟ್ಟವಾಗಿ ಮೇಲೆ ತೇಲುತ್ತದೆ, ಸೌಟಲ್ಲಿ ತೆಗೆದು ಮುಚ್ಚಳ ಇರುವ ಡಬ್ಬಿಗೆ ಹಾಕಿ, ತೋಟಕ್ಕೆ ಎಸೆಯಬೇಡಿ. ಹೊಗೆ ಮಾತ್ರ ಕೆಟ್ಟ ನಾತ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ.