ಹೂಮಳೆ ಬಿದ್ದ ಸಂಜೆ ಚರಂಡಿಯಲ್ಲಿ ಹರಿಯುವುದೇನು?

ಹೂಮಳೆಗೆ ಕೊಡಗಿನಲ್ಲಿ ಎಲ್ಲರೂ ಕಾಯುತ್ತಾರೆ. ಫೆಬ್ರವರಿಯಲ್ಲೋ ಮಾರ್ಚಿನಲ್ಲೋ ಅದು ಸರಿಯಾಗಿ ಬಿದ್ದರೆ ಎಂಟು-ಹತ್ತು ದಿನಕ್ಕೆ ಕಾಫಿ ತೋಟವೆಲ್ಲ ಬಿಳಿ ಬಿಳಿ. ಪೇಟೆಯಲ್ಲಿ ಅದೇ ಮಳೆ ಬೇರೆ ಕೆಲಸ ಮಾಡುತ್ತದೆ. ಬಿಸಿಲುಕಾಲವಿಡೀ ರಸ್ತೆಯಲ್ಲಿ, ಅಂಗಡಿ ಅಂಗಳದಲ್ಲಿ ಕೂತಿದ್ದ ಎಣ್ಣೆ, ಟೈರಿನ ಪುಡಿ, ಹೋಟೆಲಿನ ಜಿಡ್ಡು ಎಲ್ಲವನ್ನೂ ಅರ್ಧ ಗಂಟೆಯಲ್ಲಿ ತೊಳೆದು ಚರಂಡಿಗೆ ಇಳಿಸುತ್ತದೆ. ಒಣಗಾಲದ ನಂತರ ಬರುವ ಮೊದಲ ಮಳೆಯ ನೀರೇ ಎಲ್ಲಕ್ಕಿಂತ ಕೊಳಕು.

ಹೋದ ವರ್ಷ ಅಂಥದೊಂದು ಸಂಜೆ ಮಳೆ ಬಿಡಲಿ ಎಂದು ಒಂದು ಗ್ಯಾರೇಜಿನ ಮಾಡಿನಡಿ ನಿಂತಿದ್ದೆ. ಅಂಗಳದ ಕಾಂಕ್ರೀಟಿನಲ್ಲಿ ತಟ್ಟೆಯಷ್ಟಗಲದ ಕಪ್ಪು ಕಲೆ ಇತ್ತು. ನಾಲ್ಕು ಹನಿ ಬಿದ್ದದ್ದೇ ಕಲೆಯ ಅಂಚಿನಿಂದ ಕಾಮನಬಿಲ್ಲಿನ ಬಣ್ಣದ ಎಳೆಯೊಂದು ಬಿಡಿಸಿಕೊಂಡು ಹೊರಟಿತು. ಇಳಿಜಾರು ಹಿಡಿದು ಮೋರಿಗೆ, ಅಲ್ಲಿಂದ ಹಿಂದಿನ ತೋಡಿಗೆ. "ಮಳೆ ಬಂದ್ರೆ ಎಲ್ಲ ಕ್ಲೀನ್ ಆಗ್ತದೆ" ಎಂದ ಕೆಲಸದ ಹುಡುಗ. ಅವನ ಮಾತಿನಲ್ಲಿ ತಪ್ಪೇನಿಲ್ಲ, ನಾವೆಲ್ಲ ಹಾಗೇ ಅಂದುಕೊಂಡವರು. ಆದರೆ ಮಳೆನೀರಿನ ಚರಂಡಿಗೂ ಹೊಳೆಗೂ ನಡುವೆ ಸೋಸುವ ವ್ಯವಸ್ಥೆ ಇಲ್ಲ. ಗೋಣಿಕೊಪ್ಪದ ನೀರು ಕೀರೆಹೊಳೆಗೆ ಇಳಿಯುತ್ತದೆ, ಕುಶಾಲನಗರದ್ದು ನೇರ ಕಾವೇರಿಗೆ. ತಲಕಾವೇರಿಯಲ್ಲಿ ಕೈಮುಗಿದು ತೀರ್ಥ ತರುವ ನಾವೇ ಇದನ್ನೂ ಮಾಡುತ್ತಿದ್ದೇವೆ ಎನ್ನುವುದು ನನಗೆ ನಿಜಕ್ಕೂ ನೋವಿನ ವಿಷಯ.

ಒಂದಿಷ್ಟು ಎಣ್ಣೆಯಿಂದ ಏನಾಗುತ್ತದೆ ಅನ್ನಿಸಬಹುದು. ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಒಂದು ಕೆರೆಗೆ ಚಮಚದಷ್ಟು ಎಣ್ಣೆ ಸುರಿದು ನೋಡಿದ್ದರು. ಅದು ಸುಮಾರು ಅರ್ಧ ಎಕರೆ ಹರಡಿಕೊಂಡಿತು. 1774ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು. ಇನ್ನು ಮಳೆಯ ಲೆಕ್ಕ ನೋಡಿ: 100 ಚದರ ಮೀಟರ್ ಅಂಗಳದ ಮೇಲೆ 50 ಮಿಲಿಮೀಟರ್ ಮಳೆ ಎಂದರೆ 5,000 ಲೀಟರ್ ನೀರು. ಅಷ್ಟು ನೀರಿನೊಂದಿಗೆ ಎಣ್ಣೆ ಬೆರೆತ ಮೇಲೆ ಬೇರೆ ಮಾಡುವುದು ಯಾರಿಂದಾದೀತು? ಹಾಗಾಗಿ ಮಳೆಗೂ ಕೊಳೆಗೂ ಭೇಟಿಯೇ ಆಗದಂತೆ ನೋಡಿಕೊಳ್ಳುವುದು ಸುಲಭದ ದಾರಿ. ಆಯಿಲ್ ಬದಲಿಸುವ ಜಾಗಕ್ಕೆ ಒಂದು ಶೀಟಿನ ಮಾಡು, ಗಾಡಿಯ ಕೆಳಗೊಂದು ಟ್ರೇ. ಚೆಲ್ಲಿದರೆ ನೀರು ಹೊಡೆಯಬೇಡಿ. ಮರದ ಮಿಲ್ಲಿನಿಂದ ಒಂದು ಚೀಲ ಹೊಟ್ಟು ತಂದಿಟ್ಟುಕೊಂಡು ಮೇಲೆ ಚೆಲ್ಲಿ, ಎಣ್ಣೆ ಹೀರಿದ ಮೇಲೆ ಗುಡಿಸಿ ಬೇರೆ ಡಬ್ಬಿಗೆ ತುಂಬಿ. ಹಳೇ ಎಣ್ಣೆಯನ್ನು ಅನುಮತಿ ಇರುವ ಮರುಬಳಕೆಯವರಿಗೇ ಕೊಡಬೇಕು.

ವಾಟರ್ ಸರ್ವಿಸ್ ಇರುವ ಕಡೆ ಸಣ್ಣ ತೊಟ್ಟಿಯೊಂದು ಬೇಕೇ ಬೇಕು. ಎಣ್ಣೆ ಮೇಲೆ ತೇಲುತ್ತದೆ, ಕೆಸರು ತಳಕ್ಕೆ ಕೂರುತ್ತದೆ. ಹೊರಹೋಗುವ ಪೈಪಿನ ಬಾಯಿ ಒಳಗಡೆ ಕೆಳಕ್ಕೆ ಬಾಗಿದ್ದರೆ ನಡುವಿನ ನೀರು ಮಾತ್ರ ದಾಟುತ್ತದೆ. ಆದರೆ ಸೋಪು ಜಾಸ್ತಿಯಾದರೆ ಈ ಉಪಾಯ ಕೆಡುತ್ತದೆ. ಸೋಪು ಎಣ್ಣೆಯನ್ನು ಸಣ್ಣ ಸಣ್ಣ ಹನಿಯಾಗಿ ಒಡೆದು ನೀರಿನಲ್ಲೇ ತೇಲಾಡಿಸುತ್ತದೆ. ತೊಟ್ಟಿ ಇದ್ದೂ ಎಣ್ಣೆ ತೋಡಿಗೆ ಹೋಗುತ್ತದೆ.

ತೋಟದವರ ಪಾಲು ಬೇರೆ. ಪಲ್ಪಿಂಗ್ ನೀರಿನಲ್ಲಿ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರಿನಲ್ಲಿ, ಹಣ್ಣಿನ ಸಕ್ಕರೆ, ಲೋಳೆ ಎಲ್ಲ ಇರುತ್ತದೆ. ವಿಷವೇನಲ್ಲ, ಅದು ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಊಟ ಮುಗಿಸಲು ಅವಕ್ಕೆ ಆಮ್ಲಜನಕ ಬೇಕು. ತೋಡಿನ ಒಂದು ಲೀಟರ್ ನೀರಿನಲ್ಲಿ ಇರುವುದು ಹೆಚ್ಚೆಂದರೆ ಎಂಟೊಂಬತ್ತು ಮಿಲಿಗ್ರಾಂ. ಒಂದು ಲೀಟರ್ ಪಲ್ಪಿಂಗ್ ನೀರು ಕೇಳುವುದು ಸಾವಿರಾರು ಮಿಲಿಗ್ರಾಂ. ಮೀನು ಬದುಕುವುದು ಹೇಗೆ? ನೀರನ್ನು ಗುಂಡಿಯಲ್ಲಿ ಹಿಡಿದಿಡುವವರು ಈಗ ಇದ್ದಾರೆ, ಸಂತೋಷ. ಆದರೆ ತುಂಬಿದ ಗುಂಡಿಗೆ ಹೂಮಳೆ ಬಿದ್ದರೆ ಉಕ್ಕಿ ಹರಿಯುತ್ತದೆ. ತೋಡಿನ ದಡದಲ್ಲಿ ಸುಮ್ನೆ ರಾಶಿ ಹಾಕಿದ ಸಿಪ್ಪೆಯಿಂದಲೂ ಕಂದು ನೀರು ಇಳಿಯುತ್ತದೆ. ಗುಂಡಿಯ ಬಾಯಿ ಒಂದೆರಡು ಅಡಿ ಖಾಲಿ ಇರಲಿ. ಸಿಪ್ಪೆಯನ್ನು ಎತ್ತರದ ಜಾಗದಲ್ಲಿ ಮುಚ್ಚಿಟ್ಟು ಗೊಬ್ಬರ ಮಾಡಿ.

ಹೋಂಸ್ಟೇಗೆಂದು ಗುಡ್ಡ ಕಡಿದವರು ಆ ಮಣ್ಣಿಗೆ ಮಳೆಗಾಲದ ಮೊದಲು ಹೊದಿಕೆ ಹಾಕಲಿ. ಕೆಂಪು ನೀರು ನೋಡಲು ಮಾಮೂಲಿ ಅನ್ನಿಸುತ್ತದೆ, ಅಲ್ವಾ? ಆ ಮಣ್ಣು ಮೀನು ಮೊಟ್ಟೆಯಿಡುವ ಕಲ್ಲುಸಂದಿಗಳನ್ನು ಮುಚ್ಚಿಬಿಡುತ್ತದೆ.

ಮುಂದಿನ ಮಳೆಗೆ ಕೊಡೆ ಹಿಡಿದು ನಿಮ್ಮ ಅಂಗಳದಲ್ಲಿ ಹತ್ತು ನಿಮಿಷ ನಿಂತುಕೊಳ್ಳಿ. ನೀರು ಎಲ್ಲಿಂದ ಹೊರಟು ಯಾವ ತೋಡು ಸೇರುತ್ತದೆ ನೋಡಿ. ಮಳೆ ಬಿಟ್ಟು ನೀರು ತಿಳಿಯಾದ ಮೇಲೆ ಆ ತೋಡಿಗೆ ಇಳಿದು ಒಂದು ಕಲ್ಲು ಮಗುಚಿ. ಕಲ್ಲಿನಡಿ ಚಪ್ಪಟೆ ಮೈಯ, ಮೂರು ಬಾಲದ ಪುಟ್ಟ ಹುಳು ಓಡಾಡಿದರೆ ಅದು ಮೇಫ್ಲೈ ಎಂಬ ಕೀಟದ ಮರಿ, ನೀರಿನಲ್ಲಿ ಇನ್ನೂ ಉಸಿರಿದೆ. ಬರೀ ಕೆಂಪು ಹುಳುಗಳೇ ಹರಿದಾಡುತ್ತಿದ್ದರೆ ಮೇಲಿನ ಅಂಗಳಗಳನ್ನು ಒಂದೊಂದಾಗಿ ಹುಡುಕಿಕೊಂಡು ಹೋಗಬೇಕು, ನಮ್ಮದರಿಂದಲೇ ಶುರು ಮಾಡಿ.