ನಕಲು ಶುರುವಾಗುವುದು ನೋಟ್ಸ್ ಫೈಲಿನಲ್ಲಿ

ಕಳೆದ ತಿಂಗಳು ಪ್ರಬಂಧ ಬರೆಯಲು ಕೂತಾಗ ನನ್ನದೇ ಹಳೆಯ ನೋಟ್ಸ್ ಫೈಲ್ ತೆರೆದೆ. ಅದರಲ್ಲಿ ಒಂದು ಪ್ಯಾರಾ ಸಖತ್ತಾಗಿತ್ತು. ಪರವಾಗಿಲ್ವೇ, ಇಷ್ಟು ಚೆನ್ನಾಗಿ ಬರೆದಿದ್ದೆನಾ ಅಂದುಕೊಂಡು ಹಾಗೇ ಎತ್ತಿ ಪ್ರಬಂಧಕ್ಕೆ ಹಾಕಿದೆ. ಮಾರನೇ ದಿನ ಓದುವಾಗ ಒಂದು ಪದ ಕಣ್ಣಿಗೆ ಚುಚ್ಚಿತು: 'ಪರಿಪ್ರೇಕ್ಷ್ಯ'. ಈ ಪದವನ್ನು ನಾನು ಜನ್ಮದಲ್ಲಿ ಬಳಸಿಲ್ಲ. ಆ ಸಾಲನ್ನು ಗೂಗಲ್‌ಗೆ ಹಾಕಿ ನೋಡಿದರೆ ಇಡೀ ಪ್ಯಾರಾ ಬೇರೆಯವರದ್ದು. ಯಾವಾಗಲೋ ಅಂಟಿಸಿದ್ದೆ, ಎಲ್ಲಿಂದ ಅಂತ ಬರೆದುಕೊಂಡಿರಲಿಲ್ಲ.

ಹಾಗಾಗಿ ಈ ಟಿಪ್ಪಣಿ. ಕೃತಿಚೌರ್ಯದ ಪಾಠ ಸಾಮಾನ್ಯವಾಗಿ 'ಬರೆಯುವಾಗ ಕದಿಯಬೇಡಿ' ಅಂತ ಶುರುವಾಗುತ್ತದೆ. ಬರೆಯಲು ಕೂರುವ ಹೊತ್ತಿಗೆ ತಡವಾಗಿರುತ್ತದೆ ಅನ್ನುವುದು ನನ್ನ ಲೆಕ್ಕ. ನಮ್ಮಂಥ ಕಲಿಯುವವರ ಕಳ್ಳತನ ಜಾಸ್ತಿ ಆಗುವುದು ಓದುವಾಗ, ನೋಟ್ಸ್ ಮಾಡಿಕೊಳ್ಳುವಾಗ.

ಪದ ಎಲ್ಲಿಂದ ಬಂತು

ಕನ್ನಡದಲ್ಲಿ ನಾವು ಕೃತಿಚೌರ್ಯ ಅನ್ನುತ್ತೇವೆ. ಇಂಗ್ಲಿಷಿನ 'ಪ್ಲೇಜಿಯರಿಸಂ' ಲ್ಯಾಟಿನ್‌ನಿಂದ ಬಂದದ್ದು. ಮೂಲದಲ್ಲಿ ಅದು ಮನುಷ್ಯರನ್ನೇ ಕದ್ದೊಯ್ಯುವವನಿಗೆ ಇದ್ದ ಹೆಸರು. ಒಂದನೇ ಶತಮಾನದ ರೋಮನ್ ಕವಿ ಮಾರ್ಷಿಯಲ್ ಅದನ್ನು ಬರವಣಿಗೆಗೆ ತಂದ. ಫಿಡೆಂಟಿನಸ್ ಎಂಬಾತ ತನ್ನ ಪದ್ಯಗಳನ್ನು ಅವನದೇ ಎಂಬಂತೆ ಓದುತ್ತಾನೆ ಅಂತ ಮಾರ್ಷಿಯಲ್‌ಗೆ ಸಿಟ್ಟು. ಹೀಗೆ ದೂರುವ ಪದ್ಯದಲ್ಲೇ ಒಂದು ವ್ಯವಹಾರವನ್ನೂ ಮುಂದಿಡುತ್ತಾನೆ: ನನ್ನವು ಅಂತ ಹೇಳುವುದಾದರೆ ಪುಕ್ಕಟೆ ಕಳಿಸುತ್ತೇನೆ, ನಿನ್ನವು ಅನ್ನಬೇಕಿದ್ದರೆ ದುಡ್ಡು ಕೊಟ್ಟು ಕೊಂಡುಕೋ. ಇವತ್ತು ದುಡ್ಡಿಗೆ ಪ್ರಬಂಧ ಬರೆದುಕೊಡುವವರ ಅಂಗಡಿ ಎರಡು ಸಾವಿರ ವರ್ಷ ಹಳೆಯದು ಅಂದ ಹಾಗಾಯ್ತು.

ಕಾನೂನು ಬಂದದ್ದು ಎಷ್ಟೋ ಕಾಲದ ಮೇಲೆ. 1710ರಲ್ಲಿ ಬ್ರಿಟನ್ನಿನಲ್ಲಿ ಲೇಖಕರಿಗೆ ತಮ್ಮ ಪುಸ್ತಕ ಅಚ್ಚು ಹಾಕಿಸುವ 14 ವರ್ಷಗಳ ಹಕ್ಕು (ಕಾಪಿರೈಟ್) ಕೊಡುವ ಕಾಯ್ದೆ ಜಾರಿಯಾಯಿತು. 1886ರಲ್ಲಿ, ಈ ಹಕ್ಕನ್ನು ಬೇರೆ ಬೇರೆ ದೇಶಗಳೂ ಮನ್ನಿಸುವ ಬರ್ನ್ ಒಪ್ಪಂದ ಆಯಿತು. ಪರೀಕ್ಷೆಗೆ ಈ ಎರಡು ಇಸವಿ ಸಾಕು. ಆದರೆ ಇಲ್ಲೇ ಹೆಚ್ಚಿನವರು ಎಡವುತ್ತಾರೆ: ಕಾಪಿರೈಟ್ ಉಲ್ಲಂಘನೆ ಬೇರೆ, ಕೃತಿಚೌರ್ಯ ಬೇರೆ. ಮುನ್ನೂರು ವರ್ಷ ಹಿಂದಿನ ಲೇಖಕನ ಪುಟವನ್ನು ನಿಮ್ಮ ಹೆಸರಲ್ಲಿ ಹಾಕಿದರೆ ಕಾಪಿರೈಟ್ ಕಾಯ್ದೆ ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೂ ಅದು ಕೃತಿಚೌರ್ಯವೇ. ಇವತ್ತಿನ ಕಾದಂಬರಿಯನ್ನು ಪೂರ್ತಿ ಸ್ಕ್ಯಾನ್ ಮಾಡಿ, ಲೇಖಕರ ಹೆಸರು ದೊಡ್ಡದಾಗಿ ಹಾಕಿ ಹಂಚಿದರೆ ಕೃತಿಚೌರ್ಯ ಆಗುವುದಿಲ್ಲ, ಕಾಪಿರೈಟ್ ಮಾತ್ರ ಮುರಿಯುತ್ತದೆ. 'ಹೆಸರು ಹಾಕಿದ್ದೀನಲ್ಲ' ಅನ್ನುವ ಸಮಜಾಯಿಷಿ ಒಂದು ಕಡೆ ನಡೆಯುತ್ತದೆ, ಇನ್ನೊಂದು ಕಡೆ ನಡೆಯುವುದಿಲ್ಲ.

ಮೂರು ಥರದ ಹೋಲಿಕೆ

ಈ ವಿಷಯದಲ್ಲಿ ನನಗೆ ಅತಿ ಹೆಚ್ಚು ಸಹಾಯ ಮಾಡಿದ್ದು ಕಂಪ್ಯೂಟರ್ ಕಾಲದ ಪುಸ್ತಕವಲ್ಲ, ಒಂಬತ್ತನೇ ಶತಮಾನದ ಕಾಶ್ಮೀರದ ಕಾವ್ಯಮೀಮಾಂಸಕ ಆನಂದವರ್ಧನ. 'ಧ್ವನ್ಯಾಲೋಕ'ದ ಕೊನೆಯ ಭಾಗದಲ್ಲಿ ಅವನು, ಇಬ್ಬರು ಕವಿಗಳ ಮಾತು ಒಂದೇ ಥರ ಇದ್ದರೆ ಏನು ಮಾಡಬೇಕು ಅಂತ ಯೋಚಿಸುತ್ತಾನೆ. ಹೋಲಿಕೆಯನ್ನು ಮೂರು ಮಾಡುತ್ತಾನೆ. ಒಂದು, ಕನ್ನಡಿಯ ಬಿಂಬದಂತೆ. ಎರಡು, ಚಿತ್ರದಂತೆ. ಮೂರು, ಒಬ್ಬ ಮನುಷ್ಯ ಇನ್ನೊಬ್ಬನಂತೆ ಕಾಣುವ ಹಾಗೆ.

ಬಿಂಬಕ್ಕೆ ಸ್ವಂತ ಜೀವವಿಲ್ಲ, ಅದನ್ನು ಬಿಡಿ ಅನ್ನುತ್ತಾನೆ. ಚಿತ್ರವನ್ನೂ ಬಿಡಿ, ಅದರ ಜೀವ ತೀರಾ ಸಪ್ಪೆ. ಮೂರನೆಯದನ್ನು ಬಿಡಬೇಕಿಲ್ಲ. ಯಾಕೆಂದರೆ ಇಬ್ಬರು ಮನುಷ್ಯರು ಎಷ್ಟೇ ಹೋಲಿದರೂ ಇಬ್ಬರಿಗೂ ಬೇರೆ ಬೇರೆ ಜೀವ ಇದೆ. ಮುಖ ಚಂದ್ರನಂತಿದೆ ಅಂದ ಮಾತ್ರಕ್ಕೆ ಅದನ್ನು ಚಂದ್ರನ ನಕಲು ಅನ್ನುತ್ತೇವಾ?

ಇದನ್ನು ಇವತ್ತಿಗೆ ಹೊಂದಿಸಿ ನೋಡಿ. ಕಾಪಿ-ಪೇಸ್ಟ್ ಕನ್ನಡಿಯ ಬಿಂಬ. ಪದಗಳನ್ನಷ್ಟೇ ಬದಲಿಸಿದ್ದು ಚಿತ್ರ. ಒಂದೇ ವಿಷಯವನ್ನು ಇಬ್ಬರು ತಾವು ತಾವೇ ಯೋಚಿಸಿ ಬರೆದದ್ದು ಮೂರನೆಯದು. ಕುಮಾರವ್ಯಾಸನೇ ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದ ಅಂತ ತಮಾಷೆ ಮಾಡಿ, ತಾನು ಮಹಾಭಾರತಕ್ಕೆ ಕೈ ಹಾಕಿದ. ಅದೂ ಹಳೆಯ ಕಥೆಯೇ, ಅವನಿಗಿಂತ ಮುಂಚೆ ಪಂಪ ಹೇಳಿದ್ದ. ಯಾರೂ ಅದನ್ನು ಕಳ್ಳತನ ಅನ್ನಲಿಲ್ಲ. ಕಥೆ ಎಲ್ಲಿಂದ ಬಂತು ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಮತ್ತೆ ಆ ಪದ್ಯಗಳಿಗೆ ಅವುಗಳದ್ದೇ ಜೀವ ಇತ್ತು.

ಒಂದು ಸಾಲು ಇಟ್ಟುಕೊಂಡು ನೋಡೋಣ

ನಮಗೆಲ್ಲ ಕಷ್ಟ ಕೊಡುವುದು ಎರಡನೆಯದು. ಪಾಠಕ್ಕಾಗಿ ನಾನೇ ಒಂದು ಮೂಲ ವಾಕ್ಯ ಕಟ್ಟಿದ್ದೇನೆ:

"ಕಂಪ್ಯೂಟರ್‌ನಲ್ಲಿ ನಕಲಿಸಿ ಅಂಟಿಸುವ ಸೌಲಭ್ಯ ಬಂದ ಮೇಲೆ ಬರೆಯುವವರು ಮೂಲವನ್ನು ಓದದೆಯೇ ಬಳಸುವುದು ಸುಲಭವಾಯಿತು, ಕೈಯಲ್ಲಿ ನಕಲು ಮಾಡುವಾಗ ಕನಿಷ್ಠ ಒಂದು ಬಾರಿಯಾದರೂ ಓದಲೇಬೇಕಿತ್ತು."

ಈಗ 'ಸ್ವಂತ ಮಾತಿನಲ್ಲಿ' ಬರೆದದ್ದು:

"ಗಣಕಯಂತ್ರದಲ್ಲಿ ಕಾಪಿ-ಪೇಸ್ಟ್ ವ್ಯವಸ್ಥೆ ಬಂದ ನಂತರ ಲೇಖಕರು ಮೂಲವನ್ನು ಓದದೆಯೇ ಉಪಯೋಗಿಸುವುದು ಸರಳವಾಯಿತು; ಕೈಬರಹದಲ್ಲಿ ನಕಲಿಸುವಾಗ ಕೊನೇಪಕ್ಷ ಒಮ್ಮೆಯಾದರೂ ಓದಬೇಕಾಗಿತ್ತು."

ಪದಗಳು ಬದಲಾಗಿವೆ. ಸಾಲಿನ ಮೂಳೆ ಹಾಗೇ ಇದೆ, ಅಲ್ಪವಿರಾಮ ಇದ್ದ ಜಾಗದಲ್ಲೇ ಅರ್ಧವಿರಾಮ ಕೂತಿದೆ. ಬರೆದವರ ಕಣ್ಣು ಮೂಲದ ಮೇಲೇ ಇತ್ತು ಅಂತ ನೋಡಿದರೇ ಗೊತ್ತಾಗುತ್ತದೆ. ಇದಕ್ಕೆ ಪ್ಯಾಚ್‌ರೈಟಿಂಗ್ ಅಂತ ಹೆಸರಿದೆ, ತೇಪೆ ಬರಹ ಅನ್ನಬಹುದು. ಮೋಸ ಮಾಡಬೇಕು ಅಂತಲೇ ಎಲ್ಲರೂ ಹೀಗೆ ಬರೆಯುವುದಿಲ್ಲ. ವಿಷಯ ಪೂರ್ತಿ ಅರ್ಥವಾಗದಿದ್ದಾಗ ಮೂಲದ ಸಾಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇವೆ, ಅಷ್ಟೇ. ನನ್ನ ಮಟ್ಟಿಗೆ ತೇಪೆ ಬರಹ ಕಂಡರೆ ಮೊದಲು ಕೇಳಬೇಕಾದ್ದು 'ಇದು ನಿಮಗೆ ಅರ್ಥ ಆಗಿತ್ತಾ?' ಅಂತ. ಇನ್ನೊಂದು ದಾರಿ ಹೀಗಿದೆ:

"ಕೈಯಲ್ಲಿ ನಕಲು ಮಾಡಿದವರಿಗೆ ವಿಷಯ ಸ್ವಲ್ಪವಾದರೂ ತಲೆಗೆ ಹೋಗುತ್ತಿತ್ತು, ಈಗ ಅಷ್ಟೂ ಇಲ್ಲ ಎಂದು ಇಂಥ ಲೇಖಕರು ವಾದಿಸುತ್ತಾರೆ. ಆದರೆ ಕೈ ಓಡಿದಾಗೆಲ್ಲ ತಲೆಯೂ ಓಡುತ್ತಿತ್ತು ಅನ್ನುವುದಕ್ಕೆ ಏನು ಖಾತ್ರಿ?"

ಇಲ್ಲಿ ವಿಚಾರ ಯಾರದ್ದು ಅಂತ ಇದೆ, ಅದರ ಜೊತೆ ಒಂದು ತಕರಾರೂ ಇದೆ. ಆ ತಕರಾರು ಮೂಲದಲ್ಲಿ ಎಲ್ಲೂ ಇಲ್ಲ.

ಅಂದ ಹಾಗೆ, ಕಂಪ್ಯೂಟರಿನ ಈ ಕಾಪಿ-ಪೇಸ್ಟ್ ರೂಪುಗೊಂಡದ್ದು 1970ರ ದಶಕದ ನಡುವೆ, ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ. ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಅದರ ಹಿಂದೆ ಇದ್ದವರು. ನಕಲು ಪ್ರತಿಗೇ ಹೆಸರಾಗಿ ಹೋಗಿರುವ ಕಂಪನಿಯಲ್ಲೇ ಇದೂ ಹುಟ್ಟಬೇಕಾ!

ಸಾಫ್ಟ್‌ವೇರ್ ಏನು ನೋಡುತ್ತದೆ

ನಕಲು ಹಿಡಿಯುವ ಸಾಫ್ಟ್‌ವೇರ್ ಅಂದರೆ ಕಳ್ಳನನ್ನು ಹಿಡಿಯುವ ಯಂತ್ರ ಅಂತ ನಾವು ಹೆದರುತ್ತೇವೆ. ಅದು ಅಳೆಯುವುದು ಹೋಲಿಕೆಯನ್ನು ಮಾತ್ರ. ಸರಳ ವಿಧಾನ ಹೀಗೆ: ಬರಹವನ್ನು ಐದೈದು ಪದಗಳ ತುಂಡು ಮಾಡುವುದು. ಒಂದರಿಂದ ಐದು, ಎರಡರಿಂದ ಆರು, ಮೂರರಿಂದ ಏಳು, ಹೀಗೆ ಒಂದೊಂದೇ ಪದ ಜರುಗಿಸುತ್ತಾ ಹೋಗುವುದು. ಪ್ರತಿ ತುಂಡಿಗೂ ಒಂದು ಸಂಖ್ಯೆ, ಬೆರಳ ಗುರುತಿನ ಹಾಗೆ. ಆಮೇಲೆ ತನ್ನ ಹತ್ತಿರ ಇರುವ ಸಂಖ್ಯೆಗಳ ಜೊತೆ ತಾಳೆ ನೋಡುವುದು.

ಈಗ ಮೇಲಿನ ತೇಪೆ ಸಾಲಿಗೆ ವಾಪಸ್ ಬನ್ನಿ. ಎರಡರಲ್ಲೂ ಹಾಗೇ ಬೆನ್ನುಬೆನ್ನಿಗೆ ಬರುವ ಪದಗಳು ಎಷ್ಟು ಅಂತ ಎಣಿಸಿ. 'ಮೂಲವನ್ನು ಓದದೆಯೇ', ಎರಡೇ. ಐದು ಪದದ ಬಲೆಗೆ ಏನೂ ಬೀಳುವುದಿಲ್ಲ. ಓದುಗರಿಗೆ ಢಾಳಾಗಿ ಕಾಣುವ ನಕಲಿಗೆ ಈ ವಿಧಾನ ಸೊನ್ನೆ ಅಂಕ ಕೊಡುತ್ತದೆ. ಉಲ್ಟಾ ಕೂಡ ಆಗುತ್ತದೆ. ಕಾನೂನಿನ ಪ್ರಬಂಧದಲ್ಲಿ ಕಲಂಗಳನ್ನು ಉದ್ಧರಣ ಚಿಹ್ನೆಯಲ್ಲಿ, ಮೂಲ ಹೇಳಿಯೇ ಕೊಟ್ಟಿದ್ದರೂ ಶೇಕಡಾವಾರು ಮೇಲಕ್ಕೆ ಹೋಗಬಹುದು. ವರದಿಯ ಶೇಕಡಾ ನೋಡಿ ನಿಟ್ಟುಸಿರು ಬಿಡುವುದೂ ಬೇಡ, ಗಾಬರಿಯಾಗುವುದೂ ಬೇಡ. ಬಣ್ಣ ಬಳಿದ ಸಾಲುಗಳನ್ನು ಒಂದೊಂದಾಗಿ ಓದಬೇಕು.

ಕನ್ನಡದಲ್ಲಿ ಇನ್ನೊಂದು ತೂತು ಇದೆ. ವಿಭಕ್ತಿ ಬದಲಾದರೆ ಪದವೇ ಬೇರೆಯಾಗುತ್ತದೆ. 'ಕಂಪ್ಯೂಟರ್‌ನಲ್ಲಿ' ಅನ್ನುವುದನ್ನು 'ಕಂಪ್ಯೂಟರಿನೊಳಗೆ' ಅಂದರೆ ಪದಶಃ ತಾಳೆ ನೋಡುವ ಯಂತ್ರಕ್ಕೆ ಎರಡಕ್ಕೂ ನಂಟೇ ಇಲ್ಲ. ಇದಕ್ಕಿಂತ ದೊಡ್ಡ ತೂತು ಅನುವಾದ. ಇಂಗ್ಲಿಷ್ ಲೇಖನವನ್ನು ಪ್ಯಾರಾ ಪ್ಯಾರಾ ಕನ್ನಡಕ್ಕೆ ಇಳಿಸಿ ಕೆಳಗೆ ತನ್ನ ಹೆಸರು ಹಾಕಿಕೊಂಡರೆ ಪದ ಹೋಲಿಸುವ ಯಂತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ಅನೇಕರು ಇದನ್ನು ನಕಲು ಅಂತ ಭಾವಿಸುವುದೂ ಇಲ್ಲ, 'ಕಷ್ಟಪಟ್ಟು ಅನುವಾದ ಮಾಡಿದ್ದೀನಿ' ಅನ್ನುತ್ತಾರೆ. ಕಷ್ಟಪಟ್ಟದ್ದು ನಿಜ. ಹಾಗಾದರೆ 'ಅನುವಾದ' ಅಂತ ಬರೆದುಕೊಳ್ಳಲು ಏನು ಅಡ್ಡಿ?

ಎಐ ಬಂದ ಮೇಲೆ

ಚಾಟ್‌ಜಿಪಿಟಿ ಹೊರಬಂದದ್ದು 2022ರ ನವೆಂಬರ್ 30ರಂದು. ಅದು ಬರೆದದ್ದನ್ನು ನಮ್ಮ ಹೆಸರಲ್ಲಿ ಕೊಟ್ಟರೆ ಯಾರಿಂದ ಕದ್ದ ಹಾಗಾಯ್ತು ಅಂತ ಸ್ನೇಹಿತರು ವಾದ ಮಾಡುತ್ತಾರೆ. ಕೇಳಲು ಜಾಣತನದ ಪ್ರಶ್ನೆ. ಆದರೆ ಅಲ್ಲಿ ಮೋಸ ಹೋಗುವುದು ಓದುಗರು. ಇದನ್ನು ನಾನು ಯೋಚಿಸಿದೆ ಅಂತ ನೀವು ಹೇಳುತ್ತಿದ್ದೀರಿ, ಯೋಚಿಸಿಲ್ಲ. ಜೊತೆಗೆ ಅದು ಕೆಲವೊಮ್ಮೆ ಇಲ್ಲದ ಪುಸ್ತಕ, ಇಲ್ಲದ ಲೇಖನಗಳನ್ನು ಮೂಲ ಅಂತ ತೋರಿಸುತ್ತದೆ. ತೆರೆದು ಓದದ ಮೂಲವನ್ನು ಪಟ್ಟಿಗೆ ಸೇರಿಸಬೇಡಿ.

ಎಐ ಬರಹ ಹಿಡಿಯುವ ಯಂತ್ರಗಳ ಕಥೆ ಇನ್ನೂ ಬಡವು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಒಂದನ್ನು ಬಿಟ್ಟಿತು. ಕಂಪನಿಯ ಸ್ವಂತ ಪರೀಕ್ಷೆಯಲ್ಲೇ ಅದು ಎಐ ಬರಹದಲ್ಲಿ ಶೇ. 26ರಷ್ಟನ್ನು ಮಾತ್ರ ಸರಿಯಾಗಿ ಗುರುತಿಸಿತು, ಮನುಷ್ಯರು ಬರೆದದ್ದರಲ್ಲಿ ಶೇ. 9ರಷ್ಟನ್ನು ಎಐ ಅಂದುಬಿಟ್ಟಿತು. ಜುಲೈ ಹೊತ್ತಿಗೆ ವಾಪಸ್ ತೆಗೆದುಕೊಂಡರು. ಅದಕ್ಕೇ ನಿಮ್ಮ ಕರಡುಗಳನ್ನು ಅಳಿಸಬೇಡಿ. ನಾಳೆ ಯಾರಾದರೂ ಅನುಮಾನ ಪಟ್ಟರೆ, ತಿದ್ದಿ ಒರೆಸಿದ ಹಳೆಯ ಪ್ರತಿಗಳೇ ಸಾಕ್ಷಿ.

ಮರೆವಿನ ನಕಲು

ಕಣ್ಣು ಕಾಣದ, ಕಿವಿ ಕೇಳದ ಅಮೆರಿಕದ ಲೇಖಕಿ ಹೆಲೆನ್ ಕೆಲರ್‌ಗೆ 11 ವರ್ಷ ಇದ್ದಾಗ ಬರೆದ ಒಂದು ಕಥೆ 1892ರಲ್ಲಿ ಪ್ರಕಟವಾಯಿತು. ಮಾರ್ಗರೆಟ್ ಕ್ಯಾನ್‌ಬಿ ಎಂಬ ಲೇಖಕಿಯ ಕಥೆಗೂ ಇದಕ್ಕೂ ತುಂಬ ಹೋಲಿಕೆ ಇದೆ ಅಂತ ಆಮೇಲೆ ಗೊತ್ತಾಯಿತು. ಆ ಕಥೆಯನ್ನು ಯಾವಾಗಲೋ ಹುಡುಗಿಗೆ ಅಂಗೈಯಲ್ಲಿ ಬೆರಳ ಸಂಜ್ಞೆಯಿಂದ ಓದಿ ತಿಳಿಸಿದ್ದರು, ಅವಳಿಗೆ ಅದು ಮರೆತೇ ಹೋಗಿತ್ತು. ತನ್ನದೇ ಕಲ್ಪನೆ ಅಂದುಕೊಂಡು ಬರೆದಿದ್ದಳು. ವಿಚಾರಣೆ ನಡೆಯಿತು. ತಾನು ಬರೆಯುವುದು ನಿಜವಾಗಿ ತನ್ನದೇನಾ ಅನ್ನುವ ಅಂಜಿಕೆ ಅವರನ್ನು ಬಹಳ ಕಾಲ ಬಿಡಲಿಲ್ಲ.

ಮನಸ್ಸೂ ಅಂಟಿಸಿಕೊಳ್ಳುತ್ತದೆ, ಮೂಲ ಬರೆದುಕೊಳ್ಳುವುದಿಲ್ಲ. ಅದನ್ನು ತಡೆಯುವ ದಾರಿ ನನ್ನ ಹತ್ತಿರ ಇಲ್ಲ. ಫೈಲಿನದ್ದನ್ನಾದರೂ ತಡೆಯಬಹುದು ಅಲ್ವಾ? ಈಗ ನಾನು ನೋಟ್ಸಿನಲ್ಲಿ ಮೂರು ಬಣ್ಣ ಬಳಸುತ್ತೇನೆ. ಅಕ್ಷರಶಃ ಎತ್ತಿದ್ದು ಕೆಂಪು, ಜೊತೆಗೆ ಅಲ್ಲೇ ಲಿಂಕು ಮತ್ತು ಪುಟ ಸಂಖ್ಯೆ. ಬೇರೆಯವರ ವಿಚಾರ ನನ್ನ ಮಾತಿನಲ್ಲಿದ್ದರೆ ನೀಲಿ, ಅದನ್ನು ಮೂಲದ ಕಿಟಕಿ ಮುಚ್ಚಿದ ಮೇಲೆಯೇ ಬರೆಯುವುದು. ನನಗೆ ಹೊಳೆದದ್ದು ಕಪ್ಪು. ಮೊದಲ ವಾರ ಫೈಲ್ ಪೂರ್ತಿ ಕೆಂಪಾಗಿತ್ತು, ನೋಡಲು ನಾಚಿಕೆಯಾಗುತ್ತಿತ್ತು.

ಆ 'ಪರಿಪ್ರೇಕ್ಷ್ಯ'ದ ಪ್ಯಾರಾವನ್ನೂ ಹೀಗೇ ಮತ್ತೆ ಬರೆದೆ. ಕಿಟಕಿ ಮುಚ್ಚಿದ ಮೇಲೆ ಹತ್ತು ನಿಮಿಷ ಏನೂ ತೋಚಲಿಲ್ಲ, ನನಗೆ ಅದು ಅರ್ಥವೇ ಆಗಿರಲಿಲ್ಲ. ಮತ್ತೆ ತೆರೆದು ಎರಡು ಸಲ ಓದಿದೆ. ಕೊನೆಗೆ ಒಂಬತ್ತು ಸಾಲಿನ ಜಾಗದಲ್ಲಿ ಮೂರು ಸಾಲು ಬಂತು, ಬರೆದವರ ಹೆಸರಿನ ಸಮೇತ. ಎರಡು ಸಾಲು ನೀಲಿ, ಒಂದು ಕಪ್ಪು.